ಮೆಣಸಿಗೆ ಮರಿ ಬೇಡ

ನನ್ನ ಹೆಂಡತಿ ನಾಯಿ ಸಾಕುತ್ತಾಳೆ ಎಂದರೆ ಜನ ಒಂದೋ ಎರಡೋ ಅಂದುಕೊಳ್ಳುತ್ತಾರೆ. ಅವಳು ಸಾಕುವುದು ಒಂದು ವಂಶವನ್ನೇ. ಬೂದು ಬಣ್ಣದ, ಮೊಣಕಾಲೆತ್ತರದ, ಗಡ್ಡಮೀಸೆ ಬಿಟ್ಟ ಜಾತಿ. ಎದುರಿಗೆ ಬಂದು ಕೂತರೆ ನಿವೃತ್ತ ಹೆಡ್‌ಮಾಸ್ತರರು ತಪ್ಪು ಹುಡುಕಲು ಬಂದಂತಿರುತ್ತದೆ. ಯಾವ ಮರಿಯ ಅಜ್ಜಿ ಯಾರು, ಯಾವ ಮುತ್ತಜ್ಜನಿಗೆ ಸೊಂಟ ಹಿಡಿದಿತ್ತು, ಯಾವ ಚಿಕ್ಕಪ್ಪನಿಗೆ ಕಿವಿ ಸೋರುತ್ತಿತ್ತು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿದೆ. ನನ್ನ ಅಜ್ಜಿಯ ಹೆಸರು ಕೇಳಿ ನೋಡಿ, ತಡವರಿಸುತ್ತಾಳೆ.

ಅವಳದೊಂದು ನಿಯಮ: ದೋಷ ಕಂಡ ನಾಯಿಯಿಂದ ಮರಿ ಪಡೆಯಕೂಡದು. ಈ ವಿಷಯದಲ್ಲಿ ಯಾರ ಮುಲಾಜಿಗೂ ಬಿದ್ದವಳಲ್ಲ. ನೋಡಿದವರ ಕಣ್ಣು ಬೀಳುವಂಥ ಗಂಡುನಾಯಿಯೊಂದಕ್ಕೆ ಮಂಡಿಚಿಪ್ಪು ಜಾರುತ್ತದೆ ಎಂದು ಗೊತ್ತಾದ ವಾರವೇ ಅದಕ್ಕೆ ಸಂತಾನಹರಣದ ಆಪರೇಷನ್ ಮಾಡಿಸಿದಳು. ನಾನು ಬೀಗದ ಕೆಲಸದವನು, ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ನಾನು ಇಲ್ಲಿ ಅರದಿಂದ ಕೀಲಿಕೈ ಉಜ್ಜುತ್ತಿದ್ದರೆ ಹಿಂದಿನ ಅಂಗಳದಲ್ಲಿ ಗಡ್ಡದವರ ಸಂಸಾರ ಬೊಗಳುತ್ತಿರುತ್ತದೆ. ಆ ಸಂಸಾರದ ಯಜಮಾನಿಕೆಯಲ್ಲಿ ನಾನು ಮೂಗು ತೂರಿಸುವುದಿಲ್ಲ. ತೂರಿಸಿದರೆ ಯಾರು ಕೇಳುತ್ತಾರೆ?

ಈ ಸಲದ ಆಸೆಯೆಲ್ಲ ಮೆಣಸಿನ ಮೇಲಿತ್ತು. ಹುಟ್ಟಿದಾಗ ಕಪ್ಪಗೆ ಉಂಡೆ ಉಂಡೆಯಾಗಿದ್ದಳೆಂದು ನಮ್ಮ ಮಗಳೇ ಇಟ್ಟ ಹೆಸರು ಅದು. ಮುಂದಿನ ಬೆದೆಗೆ ಗಂಡು ಗೊತ್ತಾಗಿತ್ತು, ಮರಿಗಳಿಗಾಗಿ ಕಾದು ಕೂತವರಿದ್ದರು. ಅಷ್ಟರಲ್ಲಿ ಮೆಣಸಿನ ಅಣ್ಣನನ್ನು, ಅಂದರೆ ಅದೇ ತಾಯಿತಂದೆಯ ಹಿಂದಿನ ಸೂಲಿನವನನ್ನು, ಸಾಕಿಕೊಂಡಿದ್ದ ಹಲ್ಲಿನ ಡಾಕ್ಟರು ಫೋನ್ ಮಾಡಿದರು.

"ನಮ್ಮೋನು ಬಕೆಟ್‌ಗಟ್ಟಲೆ ನೀರು ಕುಡೀತಾನೆ ಕಣ್ರೀ. ಎಷ್ಟು ತಿಂದ್ರೂ ಸೊರಗ್ತಾ ಇದಾನೆ."

ಸಕ್ಕರೆ ಕಾಯಿಲೆ. ಸ್ವಲ್ಪ ದಿನದಲ್ಲೇ ಅವನ ಎರಡೂ ಕಣ್ಣಿಗೆ ಪೊರೆ ಬಂದು, ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡು ಓಡಾಡತೊಡಗಿದನಂತೆ. ಆ ಸುದ್ದಿ ಕೇಳಿದ ದಿನ ನನ್ನ ಹೆಂಡತಿ ತಟ್ಟೆಯಲ್ಲಿದ್ದ ಊಟವನ್ನು ನಾಯಿಗಳಿಗೆ ಹಾಕಿ ಎದ್ದಳು.

ಪಶುವೈದ್ಯ ಕಾಲೇಜಿನಲ್ಲಿ ನಾಯಿಗಳ ಜೀನ್ ನೋಡುವ ಹೆಣ್ಣುಮಗಳೊಬ್ಬಳಿದ್ದಳು. ಹತ್ತಿ ಸುತ್ತಿದ ಕಡ್ಡಿಯನ್ನು ನಮ್ಮ ನಾಯಿಗಳ ಕೆನ್ನೆಯೊಳಗೆ ಉಜ್ಜಿಕೊಂಡು ಹೋದದ್ದರಿಂದ ನಮ್ಮ ಮನೆಯಲ್ಲಿ ಅವಳು ಕಡ್ಡಿ ಡಾಕ್ಟರಮ್ಮ. ಫಲಿತಾಂಶ ಹೇಳಲು ತಾನೇ ಬಂದು, ನನ್ನ ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಕೂತು, ತಾಳ್ಮೆಯಿಂದ ಬಿಡಿಸಿ ಹೇಳಿದಳು.

"ಮೈಯೊಳಗೆ ಕಾವಲುಗಾರರು ಇರ್ತಾರಮ್ಮ, ರೋಗ ಬಂದ್ರೆ ಹೊಡೆದೋಡಿಸೋಕೆ. ಯಾರು ನಮ್ಮೋರು, ಯಾರು ಕಳ್ಳರು ಅಂತ ಗುರುತು ಹಿಡಿಯೋದನ್ನ ಅವರಿಗೆ ಕೆಲವು ಜೀನ್‌ಗಳು ಕಲಿಸ್ತವೆ. ಕೆಲವು ವಂಶಗಳಲ್ಲಿ ಆ ಪಾಠ ಸ್ವಲ್ಪ ಸೊಟ್ಟ. ಆಗ ಅವರು ಇನ್ಸುಲಿನ್ ಮಾಡೋ ಜೀವಕೋಶಗಳನ್ನೇ ಕಳ್ಳರು ಅಂದ್ಕೊಂಡು ಬಡಿದು ಹಾಕಿಬಿಡಬಹುದು. ಇನ್ಸುಲಿನ್ ಇಲ್ದಿದ್ರೆ ಸಕ್ಕರೆ ರಕ್ತದಲ್ಲೇ ನಿಲ್ಲುತ್ತೆ, ಮೈಗೆ ಹತ್ತಲ್ಲ."

"ಯಜಮಾನನನ್ನೇ ಒಳಗೆ ಬಿಡದ ಬೀಗ ಅನ್ನಿ," ಎಂದೆ. ಯಾರೂ ನಗಲಿಲ್ಲ.

"ಮೆಣಸಿಗೆ ಆ ಸೊಟ್ಟ ಜೀನ್ ತಾಯಿ ಕಡೆಯಿಂದಲೂ ಬಂದಿದೆ, ತಂದೆ ಕಡೆಯಿಂದಲೂ ಬಂದಿದೆ. ಹಾಗಂತ ಕಾಯಿಲೆ ಬಂದೇ ಬರುತ್ತೆ ಅಂತಲ್ಲ. ಇನ್ನೂ ಎಷ್ಟೋ ಜೀನ್‌ಗಳ ಕೈವಾಡ ಇದೆ, ನಮಗೇ ಪೂರ್ತಿ ಗೊತ್ತಿಲ್ಲ. ಆದ್ರೆ ಹೆಣ್ಣುನಾಯಿಗೆ ಬೆದೆ, ಬಸುರು ಅಂದ್ರೆ ಅದರ ಹಾರ್ಮೋನೇ ಸಕ್ಕರೆ ಏರಿಸುತ್ತೆ. ಇವಳಂಥೋಳಿಗೆ ಅಪಾಯ ಜಾಸ್ತಿ."

ಕಡ್ಡಿ ಡಾಕ್ಟರಮ್ಮ ಹೋದ ಮೇಲೆ ನನ್ನ ಹೆಂಡತಿ ಮೆಣಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಗಡ್ಡ ಬಾಚುತ್ತ ಕೂತಳು. ಅವಳ ಅರ್ಧ ಆಯುಸ್ಸು ಕಂಡ ವಂಶ ಅದು. ಅದರಲ್ಲಿ ಮರಿ ಹಾಕಬಲ್ಲವಳೆಂದು ಉಳಿದಿದ್ದವಳು ಮೆಣಸೊಬ್ಬಳೇ.

ಇಲ್ಲಿ ನನ್ನ ಮಗಳ ವಿಷಯ ಹೇಳಬೇಕು. ಅವಳಿಗೂ ಇದೇ ಕಾಯಿಲೆ, ಎಂಟನೇ ವಯಸ್ಸಿನಿಂದ. ಆಗ ನಮ್ಮ ಮನೆಯವರು "ನಮ್ಮ ಕಡೆ ಯಾರಿಗೂ ಇಲ್ಲ" ಎಂದರು, ನನ್ನ ಹೆಂಡತಿಯ ತವರಿನವರು "ನಮ್ಮ ಕಡೆ ಅಂತೂ ಇಲ್ಲವೇ ಇಲ್ಲ" ಎಂದರು, ನಮ್ಮಿಬ್ಬರಿಗೂ ಎರಡೂ ಕಡೆಯವರ ಮೇಲೆ ಸಿಟ್ಟು ಬಂತು. ಮಗಳು ಮಾತ್ರ ತನ್ನ ಪಾಡಿಗೆ ಬೆಳೆದು, ಈಜು ಕಲಿತು, ಮದುವೆಯಾಗಿ, ಈಗ ಮಕ್ಕಳಿಗೆ ಈಜು ಕಲಿಸುತ್ತಾಳೆ. ಕಡ್ಡಿ ಡಾಕ್ಟರಮ್ಮ ಬರುವ ಹಿಂದಿನ ದಿನ ಅಂಗಡಿಗೆ ಬಂದು, ಗಿರಾಕಿಗಳು ಹೋಗುವವರೆಗೂ ಕಾದು, ನನ್ನ ಕಿವಿಯಲ್ಲಿ ಹೇಳಿದಳು: ಮೂರು ತಿಂಗಳು.

ನನ್ನ ಕೈಯಲ್ಲಿದ್ದ ಅರ ಕೆಳಗೆ ಬಿತ್ತು.

"ಅಮ್ಮಂಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಟ್ಟೀಯ ಜೋಕೆ," ಎಂದಳು. ಆಮೇಲೆ ದನಿ ಇಳಿಯಿತು. "ಹುಷಾರಾಗಿದ್ರೆ ಏನೂ ತೊಂದರೆ ಇಲ್ಲ, ಇಂಥ ತಾಯಂದಿರ ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಬರೋದೇ ಇಲ್ಲ ಅಂದ್ರು ಡಾಕ್ಟ್ರು. ಆದ್ರೂ ಭಯ ಅಪ್ಪ. ನಾನು ಮಾಡ್ತಿರೋದು ಸರೀನಾ ಅಂತ. ಅಮ್ಮನ ಮುಖದಲ್ಲಿ ಒಂದು ಖುಷಿ ನೋಡಿಬಿಟ್ರೆ ನನ್ನ ಭಯ ಹೋಗುತ್ತೆ."

ಆ ಖುಷಿ ನೋಡಲೆಂದೇ ಮರುದಿನ ಸಂಜೆ ಗಂಡನನ್ನು ಕರೆದುಕೊಂಡು ಊಟಕ್ಕೆ ಬಂದಳು. ಹೊಸ ಬಟ್ಟೆ ಹಾಕಿದ್ದಳು. ಅಳಿಯನಂತೂ ಸುಮ್ಮಸುಮ್ಮನೆ ಹಲ್ಲು ಕಿರಿಯುತ್ತಿದ್ದ. ಊಟಕ್ಕೆ ಕೂತಾಗ ಮಗಳು ಎಂದಿನಂತೆ ಅಂಗಿ ಸರಿಸಿ ಹೊಟ್ಟೆಗೆ ಸೂಜಿ ಚುಚ್ಚಿಕೊಂಡಳು. ಮೆಣಸು ಮೇಜಿನ ಕೆಳಗಿತ್ತು.

"ಕಡ್ಡಿ ಡಾಕ್ಟ್ರು ಏನಂದ್ರಮ್ಮ?" ಎಂದು ಅವಳೇ ಕೇಳಿದಳು.

ನನ್ನ ಹೆಂಡತಿ ಬಡಿಸುತ್ತಲೇ ಎಲ್ಲ ಹೇಳಿದಳು. ದುಃಖ ಬಂದಾಗ ಅವಳ ಮಾತು ಇನ್ನಷ್ಟು ಒರಟಾಗುತ್ತದೆ. "ಮುಗೀತು. ಮೆಣಸಿಗೆ ಮರಿ ಬೇಡ, ಆಪರೇಷನ್ ಮಾಡಿಸ್ತೀನಿ. ಇಂಥ ರಕ್ತ ಮುಂದಕ್ಕೆ ಹೋಗಬಾರದು. ಗೊತ್ತಿದ್ದೂ ಗೊತ್ತಿದ್ದೂ ಹುಟ್ಟಿಸೋದು ಪಾಪ ಕಣೇ."

ಸೂಜಿಯ ಡಬ್ಬಿ ಮುಚ್ಚುತ್ತಿದ್ದ ಮಗಳ ಕೈ ಅಲ್ಲಿಗೇ ನಿಂತಿತು. ಅಳಿಯ ನನ್ನನ್ನು ನೋಡಿದ. ನಾನು ನೀರಿನ ಜಗ್ಗನ್ನು ನೋಡಿದೆ.

"ಹೌದಮ್ಮ," ಎಂದಳು ಮಗಳು. ತಲೆ ತಗ್ಗಿಸಿ ಊಟ ಮಾಡಿದಳು. ತಲೆನೋವೆಂದು ಹೇಳಿ, ಕೈ ತೊಳೆದವಳೇ ಹೊರಟುಬಿಟ್ಟಳು.

ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ. ಮಾತು ಕೊಟ್ಟಿದ್ದೆನಲ್ಲ, ಬಾಯಿ ಬಿಡುವಂತಿರಲಿಲ್ಲ. ಆ ಸಿಟ್ಟನ್ನೆಲ್ಲ ಪಾತ್ರೆಗಳ ಮೇಲೆ ತೋರಿಸಿದೆ.

"ತಟ್ಟೆ ಒಡೆದುಹೋಗುತ್ತೆ. ಏನಾಯ್ತು ನಿಮಗೆ?" ಎಂದಳು ಹೆಂಡತಿ. ಹಾಗೆ ಕೇಳಿದವಳು ತಾನೇ ಯೋಚನೆಗೆ ಬಿದ್ದಳು. "ಸೂಜಿ ಕಮ್ಮೀನೇ ಹಾಕ್ಕೊಂಡಿದ್ಲು. ಆದ್ರೂ ಊಟದ ಮಧ್ಯ ಎರಡು ಸಲ ಸಕ್ಕರೆ ಬಾಯಿಗೆ ಹಾಕ್ಕೊಂಡ್ಲು. ಯಾಕೆ ಸಕ್ಕರೆ ಅಷ್ಟು ಇಳೀತಿದೆ ಅವಳಿಗೆ?" ನನ್ನ ಕಡೆ ತಿರುಗಿ ದಿಟ್ಟಿಸಿದಳು. "ಹೆಂಗಸರಿಗೆ ಮೊದಲ ತಿಂಗಳುಗಳಲ್ಲಿ ಸಕ್ಕರೆ ಹೀಗೆ ಇಳಿಯುತ್ತೆ ಅಂತ ಅವಳ ಡಾಕ್ಟ್ರು ಹಿಂದೆ ಹೇಳಿದ್ರು. ಬಸುರಿ, ಅಲ್ವಾ?"

"ನಾನೇನೂ ಹೇಳಿಲ್ಲ."

"ನೀವೇನು ಹೇಳೋದು, ಮುಖದ ಮೇಲೇ ಬರ್ಕೊಂಡಿದ್ದೀರಿ." ಕಣ್ಣು ಅರಳಿತು, ನಗು ತುಟಿಯವರೆಗೂ ಬಂತು. ಅಲ್ಲೇ ನಿಂತುಹೋಯಿತು. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. "ಅಯ್ಯೋ. ನಾನು ಅವಳ ಮುಂದೆ ಏನಂದೆ?"

ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ. ಪಕ್ಕದಲ್ಲಿ ನಾನೂ ಕೂತೆ.

ಬೆಳಿಗ್ಗೆ ಮಗಳು ಫೋನ್ ಎತ್ತಲಿಲ್ಲ. ಅವಳು ಕಲಿಸುವ ಈಜುಕೊಳಕ್ಕೇ ಹೋದೆವು. ಚಪ್ಪಲಿ ಬಿಟ್ಟು ಹೋಗಿ ಎಂದ ಬಾಗಿಲಿನವನು. ಒದ್ದೆ ನೆಲದ ಮೇಲೆ ನನ್ನ ಹೆಂಡತಿ ನನ್ನ ತೋಳು ಹಿಡಿದು ಮೆಲ್ಲಗೆ ನಡೆದಳು. ಔಷಧಿ ಹಾಕಿದ ನೀರಿನ ವಾಸನೆ ಮೂಗಿಗೆ ಅಡರುತ್ತಿತ್ತು. ಮಕ್ಕಳ ಕಿರುಚಾಟ ಎತ್ತರದ ಚಾವಣಿಗೆ ಬಡಿದು ಇಮ್ಮಡಿಯಾಗಿ ಬರುತ್ತಿತ್ತು. ಮಗಳು ಎದೆಮಟ್ಟದ ನೀರಿನಲ್ಲಿ ನಿಂತು, ಒಂದು ಪುಟ್ಟ ಹುಡುಗಿಯ ಹೊಟ್ಟೆಯಡಿ ಅಂಗೈ ಇಟ್ಟು ತೇಲಿಸುತ್ತಿದ್ದಳು. "ಬಿಡಲ್ಲ, ಬಿಡಲ್ಲ, ಕಾಲು ಬಡಿ," ಎನ್ನುತ್ತಿದ್ದಳು. ನಮ್ಮನ್ನು ನೋಡಿದಳು, ಮುಖ ತಿರುಗಿಸಿದಳು. ಪಾಠ ಮುಗಿಸಿಯೇ ಮೇಲೆ ಬಂದಳು. ತೋಳಿನ ಮೇಲೆ ಸಕ್ಕರೆ ಅಳೆಯುವ ಬಿಲ್ಲೆ, ಹೆಗಲ ಮೇಲೆ ಟವೆಲು, ಕಣ್ಣು ಕೆಂಪಗೆ. ನೀರಿನಿಂದಲೇ ಕೆಂಪಾಗಿದ್ದವೋ ಏನೋ.

ಬೆಂಚಿನ ಮೇಲೆ ಅಮ್ಮನಿಂದ ಒಂದು ಆಳಿನಷ್ಟು ದೂರ ಬಿಟ್ಟು ಕೂತಳು.

"ನಿನಗೆ ಗೊತ್ತಾಯ್ತು ಅಂತ ಕಾಣುತ್ತೆ. ನಾಯಿ ಬಗ್ಗೆ ಹೇಳಿದ್ದು, ನಿನಗಲ್ಲ ಅಂತ ಹೇಳೋಕೆ ಬಂದೆಯಾ? ಅದು ನನಗೂ ಗೊತ್ತು," ಎಂದಳು. "ಒಂದೇ ಒಂದು ಕೇಳ್ತೀನಮ್ಮ, ನಿಜ ಹೇಳು. ನಾನು ಹುಟ್ಟೋಕೆ ಮುಂಚೆ ಯಾರಾದ್ರೂ ಬಂದು, ನಿನ್ನ ಮಗೂಗೆ ಹೀಗಾಗುತ್ತೆ ಅಂತ ಹೇಳಿದ್ರೆ ಏನಂತಿದ್ದೆ?"

ಒಂದು ಸುಳ್ಳು ಹೇಳಿಬಿಡೇ ಮಹರಾಯ್ತಿ, ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಒಂದೇ ಒಂದು ಸುಳ್ಳು.

"ಬೇಡ ಅಂತಿದ್ದೆ," ಎಂದಳು ನನ್ನ ಹೆಂಡತಿ.

ಮಗಳು ಹೆಗಲ ಟವೆಲನ್ನು ಬಿಗಿಯಾಗಿ ಸುತ್ತಿಕೊಂಡಳು.

"ಹೆದರಿಬಿಡ್ತಿದ್ದೆ ಕಣೇ. ಬೇಡವೇ ಬೇಡ ಅಂದು ಮನೆಗೆ ಬರ್ತಿದ್ದೆ. ಒಳ್ಳೇ ಕೆಲಸ ಮಾಡಿದೆ ಅಂತಾನೂ ಅಂದ್ಕೊಳ್ತಿದ್ದೆ. ಆಮೇಲೆ ಜೀವಮಾನವೆಲ್ಲ ನೀನಿಲ್ಲದೆ ಇರ್ತಿದ್ದೆ. ಏನು ಕಳ್ಕೊಂಡೆ ಅಂತ ಕೂಡ ನನಗೆ ಗೊತ್ತಾಗ್ತಿರ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಮರಿಗಳ ಮಾತು ಬೇರೆ. ಅವನ್ನ ಬೇರೆಯವರ ಮನೆಗೆ ಕಳಿಸ್ತೀನಿ. ಆ ಮನೇಲಿ ಅದಕ್ಕೆ ಹೊತ್ತು ಹೊತ್ತಿಗೆ ಸೂಜಿ ಹಾಕೋರು ಯಾರು, ಕಣ್ಣು ಹೋದ್ರೆ ಕೈಹಿಡಿದು ನಡೆಸೋರು ಯಾರು ಅಂತ ನನಗೆ ಭಯ. ನಿನ್ನ ಮಗು ಯಾರ ಮನೆಗೂ ಹೋಗಲ್ಲ. ಏನೇ ಬರಲಿ, ನಾವಿದ್ದೀವಿ. ಬರದೇ ಇದ್ರೂ ಇದ್ದೀವಿ."

ಮಗಳು ಸರಿದು ಬಂದು, ನೀರು ಸೋರುವ ತಲೆಯನ್ನು ಅಮ್ಮನ ಹೆಗಲಿಗೆ ಒರಗಿಸಿದಳು. ಅಮ್ಮನ ಕುಪ್ಪಸ ತೊಯ್ದು ತೊಪ್ಪೆಯಾಯಿತು. ನೀರಿನಲ್ಲಿದ್ದ ಮಕ್ಕಳು ಕಾಲು ಬಡಿಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ನಾನು ಅವರಿಗೆ ಕಣ್ಣು ಬಿಟ್ಟು ಹೆದರಿಸಿದೆ. ಯಾರೂ ಹೆದರಲಿಲ್ಲ, ನಾನು ಅಳುತ್ತಿದ್ದೆನಲ್ಲ.

"ಸಂಜೆ ಮತ್ತೆ ಊಟಕ್ಕೆ ಬರ್ತೀವಿ," ಎಂದಳು ಮಗಳು. "ನಿನ್ನೆ ಹೇಳೋಕಾಗ್ಲಿಲ್ಲ. ಇವತ್ತು ಹೇಳ್ತೀನಿ."

"ನನಗೆ ಗೊತ್ತಾಯ್ತಲ್ಲೇ."

"ಆದ್ರೂ ನಾನು ಹೇಳ್ಬೇಕು. ನೀನು ಗೊತ್ತಿಲ್ಲದೋಳ ಥರ ಕೇಳ್ಬೇಕು."

ಮೆಣಸಿನ ಆಪರೇಷನ್ನಿಗೆ ದಿನ ಗೊತ್ತು ಮಾಡಿಸಿಯೇ ಮನೆಗೆ ಬಂದೆವು. ಮರಿಗೆ ಕಾದವರಿಗೆಲ್ಲ ಫೋನ್ ಮಾಡಿ, ಇನ್ನು ಈ ವಂಶದಲ್ಲಿ ಮರಿ ಇಲ್ಲ, ಮೆಣಸು ನಮ್ಮ ಜೊತೆಗೇ ಮುದುಕಿಯಾಗುತ್ತಾಳೆ ಎಂದು ಹೇಳಿದಳು ನನ್ನ ಹೆಂಡತಿ. ಮಿಕ್ಕ ಮಧ್ಯಾಹ್ನವೆಲ್ಲ ಕನ್ನಡಿಯ ಮುಂದೆ ಆಶ್ಚರ್ಯಪಡುವುದನ್ನು ಅಭ್ಯಾಸ ಮಾಡಿದಳು. ಕೈ ಕೆನ್ನೆಗೆ ಇಟ್ಟರೆ ಚೆನ್ನೋ ಎದೆಗೆ ಇಟ್ಟರೆ ಚೆನ್ನೋ ಎಂದು ನನ್ನನ್ನು ಕೇಳಿದಳು. ಎರಡೂ ನಾಟಕದಂತಿದೆ, ಸುಮ್ಮನೆ ಕಣ್ಣು ಅಗಲಿಸು ಸಾಕು ಎಂದೆ.

ಸಂಜೆ ಮಗಳು ಬಂದಳು. ಚಪ್ಪಲಿ ಬಿಡುವ ಮೊದಲೇ, ಹೊಸ್ತಿಲ ಆಚೆಯೇ ನಿಂತು, "ಅಮ್ಮ, ನಾನು ಬಸುರಿ," ಎಂದಳು.

ಅಭ್ಯಾಸ ಮಾಡಿದ್ದೆಲ್ಲ ನನ್ನ ಹೆಂಡತಿಗೆ ಮರೆತುಹೋಯಿತು. ಅವಳು ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಈಗಷ್ಟೇ ಕೇಳಿದವಳಂತೆ, "ಹೌದಾ?" ಎಂದಳು. ಮತ್ತೆ ಕೇಳಿದಳು, "ಹೌದಾ ಮಗಳೇ?"