ಮರಸೇಬಿನ ಕೊಂಬೆಗೆ ತೂಗಿದ ಗುಂಡುಕಲ್ಲು

ನಾನು ಒಂದು ಗುಂಡುಕಲ್ಲು. ನಂದಿ ಬೆಟ್ಟದ ಕಡೆಯ ಕಲ್ಲುಕುಟಿಗನೊಬ್ಬ ನನ್ನನ್ನು ಬಂಡೆಯಿಂದ ಬಿಡಿಸಿ, ಚಿಕ್ಕ ಒರಳಿಗೆ ಹೊಂದುವಂತೆ ನುಣ್ಣಗೆ ಮಾಡಿದ. ಸಾಕಮ್ಮನ ಮನೆ ಸೇರಿ ಅವಳ ಕೈಯಲ್ಲಿ ಎಷ್ಟು ಖಾರ ಅರೆದೆನೋ! ಮಿಕ್ಸಿ ಬಂತು, ಹಿತ್ತಲಿಗೆ ಬಿದ್ದೆ.

ಅಲ್ಲೊಂದು ಮರಸೇಬಿನ, ಅಂದರೆ ಪೇರ್ ಹಣ್ಣಿನ, ಮರವಿತ್ತು. ಸಾಕಮ್ಮನ ತಾಯಿ ಸಾಯುವ ಮುಂಚೆ ನೆಟ್ಟು ಹೋದದ್ದು. ಸೂರು ಮೀರಿ ಬೆಳೆದರೂ ಒಂದೂ ಹೂವಿಲ್ಲ. ಸಾಕಮ್ಮನ ಗಂಡ ಅಶ್ವತ್ಥಪ್ಪ ದ್ರಾಕ್ಷಿ ತೋಟದಲ್ಲಿ ಕತ್ತರಿ ಹಿಡಿದು ಹೆಸರು ಮಾಡಿದವನು. ದ್ರಾಕ್ಷಿಯಂತೆಯೇ ಇದನ್ನೂ ವರ್ಷ ವರ್ಷ ಮೋಟು ಮಾಡಿ, ಬುಡಕ್ಕೆ ಗೊಬ್ಬರ ಸುರಿಯುತ್ತಿದ್ದ. ಮರವೋ ಹಟಕ್ಕೆ ಬಿದ್ದು ನೆಟ್ಟಗೆ ಚಿಗುರುತ್ತಿತ್ತು. ಕೊನೆಗೆ ಅವನು, ಇದನ್ನು ಕಡಿದು ಆ ಜಾಗದಲ್ಲಿ ಕೊಟ್ಟಿಗೆ ಕಟ್ಟುತ್ತೇನೆ ಎಂದ.

ಬಟ್ಟೆ ಒಣಗಿಸುವ ಹಗ್ಗ ಜಗ್ಗಿ ಬಗ್ಗಿದ್ದ ಒಂದು ಕೊಂಬೆಯಲ್ಲಿ ಮಾತ್ರ ಆ ವರ್ಷ ನಾಲ್ಕು ಹೂ ಕಂಡವು. ಅದನ್ನು ಸಾಕಮ್ಮ ನೋಡಿದಳು.

"ಈ ಸಲ ಕತ್ತರಿ ಹಾಕ್ಬೇಡಿ, ಗೊಬ್ಬರಾನೂ ಬೇಡ. ಕೊಂಬೆ ಬಗ್ಗಿಸಿ ನೋಡ್ತೀನಿ," ಎಂದಳು.

"ಚಳಿ ಮುಗಿಯೋವರ್ಗೂ ಟೈಮು. ಹೂವ ಬರ್ಲಿಲ್ಲಾಂದ್ರೆ ಕೊಡ್ಲಿ ತರ್ತೀನಿ," ಎಂದ ಅವನು.

ಮಳೆಗಾಲದಲ್ಲಿ ನನ್ನ ನಡುವಿಗೆ ಹಗ್ಗ ಬಿಗಿದು ಎಳೆಯ ಕೊಂಬೆಯೊಂದಕ್ಕೆ ತೂಗುಹಾಕಿದಳು. ನನ್ನ ನೆಮ್ಮದಿಯೇ ಹೋಯಿತು. ಹುಟ್ಟಿದಾಗಿನಿಂದ ಜಜ್ಜುವುದು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದವನು ನಾನು. ಗಾಳಿ ಬೀಸಿದರೆ ಕೊಂಬೆ ಕಿರ್ ಎನ್ನುತ್ತಿತ್ತು. ಅವಳ ತಾಯಿಯ ಮರವನ್ನು ನಾನೇ ಮುರಿದುಬಿಟ್ಟರೆ? ಒಂದು ದಿನ ಆ ಕೊಂಬೆಯ ಬುಡದಲ್ಲಿ ತೊಗಟೆ ಸೀಳಿತು. ಸಾಕಮ್ಮ ಹಳೇ ಸೀರೆಯ ಚೂರು ಸುತ್ತಿದಳು. ಬೇರೆಲ್ಲಾದರೂ ಸೀಳಿದೆಯೇ ಎಂದು ಕೊಂಬೆಯುದ್ದಕ್ಕೂ ಬೆರಳಾಡಿಸಿದಳು.

ಎಲೆ ಉದುರಿತು. ಬರೀ ಕೊಂಬೆ. ಚಳಿ ಇಳಿಯುತ್ತಿದ್ದಂತೆ ಅಶ್ವತ್ಥಪ್ಪ ಕೊಡಲಿ ಮಸೆದು ತಂದೇಬಿಟ್ಟ. ಸಾಕಮ್ಮ ಅಡ್ಡ ಬರಲಿಲ್ಲ. ಅವನ ಕೈ ಹಿಡಿದು ಬಗ್ಗಿದ ಕೊಂಬೆಯ ಮೇಲಿಟ್ಟಳು. ಅಲ್ಲಿದ್ದ ಮೊಗ್ಗುಗಳು ಎಲೆಮೊಗ್ಗಿನಂತೆ ಚೂಪಾಗಿರದೆ ದುಂಡಗೆ ಉಬ್ಬಿದ್ದವು. ಒಂದರ ತುದಿ ಬಿರಿದು ಬಿಳಿ ದಳ ಇಣುಕುತ್ತಿತ್ತು.

ಅವನು ತುಂಬ ಹೊತ್ತು ಮುಟ್ಟಿ ಮುಟ್ಟಿ ನೋಡಿದ. ಕೊಡಲಿಯನ್ನು ಗೋಡೆಗೆ ಒರಗಿಸಿ ತಾನೇ ನನ್ನ ಹಗ್ಗ ಬಿಚ್ಚಿದ. ನಾನು ನೆಲಕ್ಕಿಳಿದೆ. ಕೊಂಬೆ ಮೇಲೇಳಲಿಲ್ಲ, ಬಗ್ಗಿದಂತೆಯೇ ನಿಂತಿತು.

ಈಗ ನನಗೆ ವಯಸ್ಸಾಗಿದೆ, ಮೈಯೆಲ್ಲ ಪಾಚಿ. ಆದರೂ ಪ್ರತಿ ಮಳೆಗಾಲ ಅಶ್ವತ್ಥಪ್ಪ ನನ್ನನ್ನು ಎತ್ತಿಕೊಂಡು ಹೊಸ ಕೊಂಬೆ ಹುಡುಕುತ್ತಾನೆ. ಗಂಟು ಹಾಕಿದ ಮೇಲೆ, ಎಲ್ಲಾದರೂ ಸೀಳಿದೆಯೇ ಎಂದು ಅವನೂ ಕೊಂಬೆಯುದ್ದಕ್ಕೂ ಬೆರಳಾಡಿಸುತ್ತಾನೆ.