ಬ್ರೆಡ್ಡು ತಿರುಗಿಸಲು ಇನ್ನೆರಡು ಕೈ

ಸಂತ ನಿಕೋಲಾನ ಹಬ್ಬದ ಮಧ್ಯಾಹ್ನ ಕಳೆದರೂ ತಿಹೋಮಿರ್ ಇನ್ನೂ ನಿಂತೇ ಇದ್ದ. ಮನೆದೇವರ ಹಬ್ಬದಲ್ಲಿ ಯಜಮಾನ ಕೂರುವಂತಿಲ್ಲ. ಬಂದವರಿಗೆ ಬಡಿಸುತ್ತ, ಲೋಟ ತುಂಬುತ್ತ ನಿಂತಿರಬೇಕು. ಬಂದವರೇ ಇಲ್ಲದಿದ್ದರೆ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಖಾಲಿ ಕುರ್ಚಿಗಳ ಹಿಂದೆ, ಗಿರಾಕಿ ಇಲ್ಲದ ಹೋಟೆಲಿನ ಮಾಣಿಯಂತೆ, ಹೆಗಲ ಮೇಲೊಂದು ಒರೆಸುವ ಬಟ್ಟೆ ಹಾಕಿಕೊಂಡು ನಿಂತಿದ್ದ.

ಮೇಜಿನ ಮೇಲೆ ಯಾವುದಕ್ಕೂ ಕೊರತೆ ಇರಲಿಲ್ಲ. ಹುರಿದ ಮೀನು, ಈರುಳ್ಳಿ ಹಾಕಿ ಬೇಯಿಸಿದ ಬಿಳಿ ಬೀನ್ಸು, ಆಲೂಗಡ್ಡೆ, ಪ್ಲಮ್ಮಿನ ಸಾರಾಯಿ. ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸದ ದಿನಗಳಾದ್ದರಿಂದ ಮಾಂಸ, ಮೊಟ್ಟೆ, ಚೀಸು ಇಲ್ಲ. ತಿಹೋಮಿರ್‌ಗೋ ವಸಂತದಿಂದ ಹೊಟ್ಟೆ ತುಂಬಿಸುತ್ತಿದ್ದುದೇ ಆ ಮೂರು. ಸಕ್ಕರೆ ಕಾಯಿಲೆಗೆ ಡಾಕ್ಟರಮ್ಮ ಬಿಡು ಅಂದದ್ದನ್ನೆಲ್ಲ ದೇವರು ತಟ್ಟೆಗೆ ಹಾಕುತ್ತಿದ್ದ. ಅವಳು ತಿನ್ನು ಅಂದದ್ದನ್ನು ದೇವರು ಬೇಡ ಅನ್ನುತ್ತಿದ್ದ. ಇಬ್ಬರೂ ಒಪ್ಪಿದ್ದು ಮೀನು ಮತ್ತು ಹುಳಿ ಬರಿಸಿದ ಎಲೆಕೋಸಿಗೆ ಮಾತ್ರ.

ಹಿಟ್ಟು ಬಿಟ್ಟ ಮೇಲೆ ಅವನ ಪಟ್ಟು ಬಿಗಿಯಾಗಿತ್ತು. ಬ್ರೆಡ್ಡಿಲ್ಲ, ಆಲೂಗಡ್ಡೆ ಇಲ್ಲ, ಬೀನ್ಸಿಲ್ಲ. ಯಾರ ಮನೆಗೆ ಹೋದರೂ ಜೇಬಿನಲ್ಲಿ ಎರಡು ಬೆಂದ ಮೊಟ್ಟೆ. ಒಂದು ಶುಕ್ರವಾರ, ಉಪವಾಸದ ಮನೆಯಲ್ಲಿ ಅವನು ಮೊಟ್ಟೆ ಸುಲಿಯಲು ಕೂತದ್ದನ್ನು ಕಂಡ ಮನೆಯಾಕೆ ಶಿಲುಬೆ ಗುರುತು ಹಾಕಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲೇ ಇಲ್ಲ. ಹೀಗೆ ಸಕ್ಕರೆಯ ಹಿಂದೆಯೇ ಅಕ್ಕರೆಯೂ ಮನೆ ಬಿಟ್ಟಿತು. ಬೆಳಿಗ್ಗೆ ಬೆರಳು ಚುಚ್ಚಿ ನೋಡಿದಾಗ ಯಂತ್ರ ಒಳ್ಳೆಯ ಅಂಕಿಯನ್ನೇ ತೋರಿಸಿತ್ತು. ಅದನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಮೇಜಿನ ನಡುವೆ ಹಬ್ಬದ ದುಂಡನೆಯ ಬ್ರೆಡ್ಡು ಇತ್ತು. ಅವನನ್ನು ಕಾಡುತ್ತಿದ್ದುದು ಅದೇ. ಅದನ್ನು ಶಿಲುಬೆಯಾಕಾರಕ್ಕೆ ಕೊಯ್ದು, ವೈನು ಸುರಿದು, ಇಬ್ಬರು ಹಿಡಿದು ತಿರುಗಿಸಬೇಕು. ಆಮೇಲೆ ಇಬ್ಬರೂ ಎಳೆದು ಮುರಿಯಬೇಕು. ಪಾದ್ರಿ ಗವ್ರಿಲೋಗೆ ಇವತ್ತು ಅರ್ಧ ಊರಿನ ಮನೆಗಳು. "ಅತಿಥಿಗಳ ಜೊತೆ ನೀನೇ ಮಾಡ್ಕೊಳಪ್ಪಾ" ಅಂದಿದ್ದರು. ಅಪ್ಪನ ಕಾಲದಿಂದ ಒಂದು ವರ್ಷವೂ ಆ ಬ್ರೆಡ್ಡು ಮುರಿಯದೆ ಉಳಿದಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಇನ್ನೆರಡು ಕೈ ಬೇಕಿತ್ತು.

ಆದರೆ ಈ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಬರುವವರು ತಾವಾಗಿ ಬರುತ್ತಾರೆ. ಕರೆದರೆ ಕರೆದವನಿಗೇ ಅವಮಾನ.

ತಿಹೋಮಿರ್ ಮೂವತ್ತು ವರ್ಷ ವಾಲ್ಯೆವೊ ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಬಸ್ಸುಗಳ ಹೊತ್ತು ಕೂಗಿದವನು. ಬಿಡುವಿನಲ್ಲಿ ಡ್ರೈವರುಗಳ, ಮೇಯರ್‌ನ, ಪಾದ್ರಿಯ ದನಿ ತೆಗೆದು ನಗಿಸುತ್ತಿದ್ದ. ಅವನು ಫೋನೆತ್ತಿಕೊಂಡು ಒಬ್ರಾದ್‌ನ ಮನೆಗೆ ಮಾಡಿದ. ಒಬ್ರಾದ್ ಹಳೆಯ ಬಸ್ ಡ್ರೈವರು, ಎರಡು ಬೀದಿಯಾಚೆ ಮನೆ. ಅವನ ಇಬ್ಬರು ಮಕ್ಕಳಿಗೂ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು ತಿಹೋಮಿರ್.

"ಒಬ್ರಾದ್? ನಾನಪ್ಪಾ, ಪಾದ್ರಿ ಗವ್ರಿಲೋ." ಮೂಗಿನಲ್ಲೊಂದು ರಾಗ, ಕೊನೆಗೊಂದು ಕೆಮ್ಮು.

ಅತ್ತ ಟೀವಿಯ ಸದ್ದು ನಿಂತಿತು. "ಆಶೀರ್ವಾದ ಮಾಡಿ ಪಾದ್ರಿಗಳೇ. ಕೆಮ್ಮು ಜಾಸ್ತಿ ಆದ ಹಾಗಿದೆ."

"ಚಳಿ ನೋಡು. ತಿಹೋಮಿರ್ ಮನೆ ಮುಂದೆ ಹೋಗ್ತಿದ್ದೆ. ಕಿಟಕೀಲಿ ಮೇಣದಬತ್ತಿ ಇದೆ, ಒಳಗೆ ಮಾತಿಲ್ಲ. ನೀನು ಹೋಗಿಲ್ವೇನಪ್ಪಾ?"

"ಇಲ್ಲ."

"ಯಾಕೋ? ಕರೀಲಿ ಅಂತ ಕಾಯ್ತಿದ್ದೀಯಾ? ಈ ಹಬ್ಬಕ್ಕೆ ಕರೆಯೋ ಪದ್ಧತಿ ಎಲ್ಲಿದೆ?"

"ಅದನ್ನೇ ನಾನೂ ತಿಳ್ಕೊಂಡಿದ್ದೆ," ಒಬ್ರಾದ್ ಅಂದ. "ಈಗೀಗ ಪಾದ್ರಿಗಳ ಕೈಲಿ ಫೋನ್ ಮಾಡಿಸ್ತಾರೆ ಅಂತ ಗೊತ್ತಿರಲಿಲ್ಲ."

ತಿಹೋಮಿರ್‌ನ ಕಿವಿ ಬಿಸಿಯಾಯಿತು. ಕೆಮ್ಮಿನ ಹಿಂದೆ ಅಡಗಿಕೊಂಡ.

"ಕೇಳಿದ್ದಕ್ಕೆ ಹೇಳ್ತೀನಿ ಪಾದ್ರಿಗಳೇ. ಮೊನ್ನೆ ನವೆಂಬರಲ್ಲಿ ನಮ್ಮನೆ ಹಬ್ಬ. ಅಪ್ಪ ತೀರ್ಕೊಂಡ ವರ್ಷ. ನನ್ನ ಹೆಂಡ್ತಿ ಝೀತೋ ಬಟ್ಟಲು ಹಿಡ್ಕೊಂಡು ಅವನ ಮುಂದೆ ನಿಂತ್ಲು. ಗೋಧಿ, ಸಕ್ಕರೆ, ಅಕ್ರೋಟು. ಸತ್ತೋರ ಹೆಸರಲ್ಲಿ ಒಂದೇ ಒಂದು ಚಮಚ. ಎಲ್ಲರ ಮುಂದೆ, ಬಸ್ ಹೊರಡಿಸೋ ದನೀಲಿ, ಬೇಡ ಅಂದ. ಅವತ್ತು ನಮ್ಮನೇಲಿ ಕೂತಿದ್ದೋರೇ ಇವತ್ತು ಅವನ ಮನೇಗೆ ಹೋಗ್ಬೇಕಾಗಿದ್ದೋರು. ಒಂದು ಚಮಚ ವಿಷಾನಾ?"

"ಅದು ಹಾಗಲ್ಲಪ್ಪಾ. ಅವನು ನನ್ನ ಹತ್ರ ಬಂದು ತಪ್ಪೊಪ್ಕೊಂಡಿದ್ದಾನೆ."

"ಒಪ್ಕೊಂಡಿದ್ದನ್ನ ನೀವು ಬಾಯಿ ಬಿಡೋ ಹಾಗಿಲ್ಲ."

"ಇದನ್ನ ಹೇಳಬಹುದಂತೆ. ಅವನೇ ಅಂದ." ತಿಹೋಮಿರ್ ಉಸಿರೆಳೆದುಕೊಂಡ. "ಬೇಸಿಗೇಲಿ ಯಾರದೋ ಸಾವಿನ ಮನೇಲಿ ಒಂದು ಚಮಚ ತಿಂದ. ಮನೇಗೆ ಬಂದೋನು ಒಂದು ಇಡೀ ಬ್ರೆಡ್ಡು, ಜಾಮಿನ ಬಾಟ್ಲಿ, ಕೊನೇಗೆ ಡಬ್ಬೀಲಿದ್ದ ಸಕ್ಕರೆ. ಕೂತ್ಕೊಂಡೂ ಅಲ್ಲ, ಬೀರುವಿನ ಮುಂದೆ ನಿಂತ್ಕೊಂಡು ತಿಂದ. ಮೂರು ದಿನ ಹಾಗೇ. ಅವನಿಗೆ ಒಂದು ಚಮಚ ಅನ್ನೋದೇ ಇಲ್ಲ ಒಬ್ರಾದ್. ಸೊನ್ನೆ ಇದೆ, ಇಲ್ಲಾಂದ್ರೆ ಇಡೀ ಬಟ್ಟಲು. ಅಂಗಾಲು ಜೋಮು ಹಿಡಿದಿತ್ತು. ಚಪ್ಪಲಿ ಜಾರಿದ್ರೂ ತಿಳೀತಿರಲಿಲ್ಲ. ಇದನ್ನೆಲ್ಲ ಬಿಟ್ಟ ಮೇಲೆ ಈಗೀಗ ಅಡಿಗೆಮನೆ ನೆಲ ತಣ್ಣಗಿದೆ ಅಂತ ಗೊತ್ತಾಗುತ್ತೆ. ಬೆಳಿಗ್ಗೆ ಎದ್ದು ಸುಮ್ನೆ ಅದರ ಮೇಲೆ ನಿಂತಿರ್ತೀನಿ."

"ಪಾದ್ರಿಗಳೇ," ಒಬ್ರಾದ್ ಮೆಲ್ಲಗೆ ಅಂದ, "ಕೆಮ್ಮೋದು ಮರೆತುಬಿಟ್ರಿ."

ತಿಹೋಮಿರ್ ಬಾಯಿ ತೆರೆದ. ಯಾರ ದನಿಯೂ ಬರಲಿಲ್ಲ.

"ಅವನು ಇದನ್ನ ಅವತ್ತೇ ನಂಗೆ ಹೇಳಬಹುದಾಗಿತ್ತು."

"ಅರವತ್ತು ವರ್ಷದ ಗಂಡಸು, ಸಕ್ಕರೆ ಡಬ್ಬಿ ಕಂಡ್ರೆ ಹೆದರ್ತೀನಿ ಅಂತ ತುಂಬಿದ ಮೇಜಿನ ಮುಂದೆ ಹೇಗಪ್ಪಾ ಹೇಳ್ತಾನೆ?"

ಅತ್ತ ಫೋನು ಇಟ್ಟ ಸದ್ದಾಯಿತು.

ಕಿಟಕಿಯಾಚೆ ಹಿಮ ನೀಲಿಗಟ್ಟುವ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಒಬ್ರಾದ್ ಬೂಟು ಕೊಡವಿ, ವೈನಿನ ಬಾಟ್ಲಿಯೊಂದನ್ನು ಮುಂದೆ ಹಿಡಿದು, "ಹಬ್ಬ ಒಳ್ಳೇದಾಗಲಿ, ಯಜಮಾನ್ರೇ" ಎಂದ. ಯಾವಾಗಲೂ ಅವನು ಕರೆಯುತ್ತಿದ್ದುದು "ಲೋ ಮೈಕಾಸುರ" ಅಂತ. ಫೋನಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ತಿಹೋಮಿರ್ ತಾನೂ ಮಾಡಿಟ್ಟಿದ್ದ ಝೀತೋ ಬಟ್ಟಲು ಹಿಡಿದಾಗ ಒಬ್ರಾದ್ ಶಿಲುಬೆ ಗುರುತು ಹಾಕಿ ಒಂದು ಚಮಚ ತಿಂದ. ಚಮಚ ಕೆಳಗಿಡದೆ ಇನ್ನೊಂದು ತುಂಬಿದ. "ಇದು ನಮ್ಮಪ್ಪಂದು. ಅವತ್ತಿನ ನಿನ್ನ ಪಾಲಿಂದು." ಅಗಿದು ನುಂಗಿ ಮುಖ ಹಿಂಡಿದ. "ಸಕ್ಕರೆ ಸುರಿದುಬಿಟ್ಟಿದ್ದೀಯಲ್ಲೋ. ಯಾರನ್ನ ಕೊಲ್ಲೋಕೆ?"

"ರುಚಿ ನೋಡೋ ಹಾಗಿರಲಿಲ್ಲ. ಅಂದಾಜಲ್ಲಿ ಹಾಕಿದೆ."

ಆಮೇಲೆ ಬ್ರೆಡ್ಡು ಕೊಯ್ದು, ವೈನು ಸುರಿದು, ನಾಲ್ಕು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರು. ಇಬ್ಬರಿಗೂ ಪ್ರಾರ್ಥನೆಯ ನಡುವಿನ ಸಾಲು ಮರೆತಿತ್ತು, ಗೊಣಗಿ ದಾಟಿಸಿದರು. ಬ್ರೆಡ್ಡು ಮುರಿಯಿತು. ತಿಹೋಮಿರ್ ಮೀನು ಬಡಿಸಿದ, ನಿಂತೇ ಇದ್ದ. ಯಜಮಾನನಿಗೆ ತಿನ್ನು ಅಂತ ಯಾರೂ ಬಲವಂತ ಮಾಡದ ದಿನ ಇದೊಂದೇ. ಒಬ್ರಾದ್ ಬೇಗ ಬೇಗ ಉಂಡ. ಮೊದಲಿನಂತೆ ಮೇಯರ್‌ನ ದನಿ ತೆಗೆ ಅನ್ನಲಿಲ್ಲ, ಇವನೂ ತೆಗೆಯಲಿಲ್ಲ.

"ಇನ್ನೂ ಮೂರು ಮನೆ ಇದೆ," ಎನ್ನುತ್ತ ಒಬ್ರಾದ್ ಎದ್ದ. ಮೇಜನ್ನೊಮ್ಮೆ ನೋಡಿ ಕೇಳಿದ, "ಇವತ್ತು ರಾತ್ರಿ ಇವೆಲ್ಲ ಇಲ್ಲೇ ಇರುತ್ತಾ?"

"ಇರುತ್ತೆ."

"ಕೊಡು ಇಲ್ಲಿ."

ಬಟ್ಟಲು, ಮುರಿದ ಬ್ರೆಡ್ಡು, ಬೀನ್ಸಿನ ಪಾತ್ರೆ, ಎಲ್ಲವನ್ನೂ ಎದೆಗೊತ್ತಿಕೊಂಡು ಒಬ್ರಾದ್ ಮೆಟ್ಟಿಲಿಳಿದ. ಮತ್ತೆ ಬರುವೆನೆಂದಾಗಲಿ, ಬಾ ಎಂದಾಗಲಿ ಹೇಳಲಿಲ್ಲ.

"ಜಾರುತ್ತೆ, ನಿಧಾನ," ಎಂದ ತಿಹೋಮಿರ್ ಬಾಗಿಲಲ್ಲಿ ನಿಂತು.

ಕೈ ತುಂಬ ಪಾತ್ರೆಗಳಿದ್ದುದರಿಂದ ಒಬ್ರಾದ್ ಕೈ ಬೀಸಲಿಲ್ಲ. ತಿರುವಿನಲ್ಲಿ ತಲೆಯಾಡಿಸಿದನೋ ಏನೋ, ಕತ್ತಲಲ್ಲಿ ಕಾಣಲಿಲ್ಲ.