ಎಂಟನೆಯ ತಪ್ಪು

ಇಲ್ಲ, ಇದು ಕೈತಪ್ಪಿ ಆದದ್ದಲ್ಲ. ಒಂದಾದರೆ ಕೈತಪ್ಪು, ಎರಡಾದರೆ ಆತುರ ಎನ್ನಬಹುದು. ಐದಕ್ಕೆ ಏನೆನ್ನುವುದು? ಅತ್ತಿಗೆ ಬೇಕೆಂದೇ ಬರೆದರಾ? ಅತ್ತಿಗೆ ಅಂಥವರಲ್ಲ ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಹಾಗಾದರೆ ಇದೇನು ಎಂದು ಇನ್ನೊಂದು ಮೂಲೆ ಕೇಳಿತು.

ಅವನ ಮುಂದೆ ಅತ್ತಿಗೆಯ ದುಂಡು ಅಕ್ಷರದ ಹಾಳೆಗಳಿದ್ದವು. 'ಹದಿನೆಂಟರಿಂದ ಅರವತ್ತು ವಯಸ್ಸಿನವರು ಮಾತ್ರ ತುಂಬಬಹುದಾದ ಅರ್ಜಿ. ಅಂಚುಗಳನ್ನು ಪರೀಕ್ಷಿಸಲು ಎಷ್ಟು ಸಂಖ್ಯೆ ಕೊಟ್ಟು ನೋಡಬೇಕು?' ಅತ್ತಿಗೆ ಬರೆದ ಉತ್ತರ ಆರು. ಪಕ್ಕದಲ್ಲಿ ತೆರೆದಿಟ್ಟಿದ್ದ ಪುಸ್ತಕ ನಾಲ್ಕು ಎನ್ನುತ್ತಿತ್ತು. ಅಂಚಿನ ಮೇಲಿನ ಎರಡು, ಅಂಚಿನಾಚೆಯ ಎರಡು. ಇಂಥವೇ ಇನ್ನೂ ನಾಲ್ಕು ಉತ್ತರಗಳು ಪುಸ್ತಕಕ್ಕೆ ಬೆನ್ನು ತಿರುಗಿಸಿ ಕೂತಿದ್ದವು.

ಅತ್ತಿಗೆಯೂ ಅವನೂ ಒಂದೇ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವವರು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಕೆಲಸ. ಒಂದರ್ಥದಲ್ಲಿ ಅನುಮಾನಪಡುವುದಕ್ಕೇ ಸಂಬಳ. ಅತ್ತಿಗೆ ಅಲ್ಲಿ ಹನ್ನೊಂದು ವರ್ಷದಿಂದ ಇದ್ದರು. ಗಂಡನ ತಮ್ಮ ಎಂದು ಅವನನ್ನು ಸೇರಿಸಿದ್ದೂ, ಕೂರಿಸಿಕೊಂಡು ಕೆಲಸ ಕಲಿಸಿದ್ದೂ ಅವರೇ. ಈಗ ತಂಡಕ್ಕೊಬ್ಬರು ಮುಖ್ಯಸ್ಥರು ಬೇಕಾಗಿದ್ದರು. ಪ್ರಮಾಣಪತ್ರದ ಪರೀಕ್ಷೆ ಪಾಸಾದವರಿಗೆ ಆ ಜಾಗ. ಹೆಸರು ಕೊಟ್ಟಿದ್ದವರು ಅತ್ತಿಗೆ ಮತ್ತು ಅವನು. ಇಬ್ಬರೂ ಪಾಸಾದರೆ ಹೆಚ್ಚು ಅಂಕದವರಿಗೆ. ಆ ಜಾಗ ಅತ್ತಿಗೆಗೆ ಈಗಾಗಲೇ ಎರಡು ಸಲ ತಪ್ಪಿಹೋಗಿತ್ತು.

ಓದನ್ನು ಹಂಚಿಕೊಳ್ಳೋಣ ಎಂದದ್ದು ಅವರೇ. ಆರು ಅಧ್ಯಾಯ, ಮೂರಕ್ಕೆ ಅವರು ಪ್ರಶ್ನೋತ್ತರದ ಹಾಳೆ ಬರೆಯುವುದು, ಮೂರಕ್ಕೆ ಅವನು, ಆಮೇಲೆ ಅದಲುಬದಲು. ಆಗ ಎಷ್ಟು ಒಳ್ಳೆಯ ಮಾತು ಅನ್ನಿಸಿತ್ತು! ಈಗ ಅದೇ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಂತೆ ಕಾಡುತ್ತಿತ್ತು. ಹೋದ ವಾರ ಮ್ಯಾನೇಜರರ ಗಾಜಿನ ಕೋಣೆಯಲ್ಲಿ ಅತ್ತಿಗೆ ಏನೋ ಕೇಳಿಕೊಳ್ಳುತ್ತಿದ್ದರು. ಇವನು ಬಾಗಿಲು ತಳ್ಳಿದೊಡನೆ ಮಾತು ನಿಂತಿತ್ತು. ಯಾಕೆ ನಿಲ್ಲಬೇಕಿತ್ತು?

ಅವರ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ಹೊಸಬರ ಕಣ್ಣು ಎಷ್ಟು ಚುರುಕು ಎಂದು ತಿಳಿಯಲು ಪ್ರೋಗ್ರಾಮಿನೊಳಗೆ ಬೇಕೆಂದೇ ಒಂದಷ್ಟು ತಪ್ಪು ಸೇರಿಸಿ ಕೊಡುತ್ತಿದ್ದರು. ಅದಕ್ಕೆ ಬಿತ್ತುವುದು ಎನ್ನುತ್ತಿದ್ದರು. ಅವನು ಸೇರಿದ ಮೊದಲ ವಾರ ಅತ್ತಿಗೆ ಹತ್ತು ಬಿತ್ತಿದ್ದರು, ಅವನಿಗೆ ಸಿಕ್ಕಿದ್ದು ನಾಲ್ಕು. "ಪರವಾಗಿಲ್ಲ ದೊರೆ, ಇನ್ನೂ ಕಣ್ಣು ಬಿಟ್ಟಿಲ್ಲ ನೀನು" ಎಂದು ಇಡೀ ತಂಡದ ಮುಂದೆ ನಕ್ಕಿದ್ದರು. ಅಂದಿನಿಂದ ಅವನ ಹೆಸರೇ ದೊರೆ.

ಅವನು ತನ್ನ ಹಾಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡ. ಎಂಟು ಉತ್ತರಗಳನ್ನು ಹೊಸದಾಗಿ, ಅಂದವಾಗಿ, ತಪ್ಪಾಗಿ ಬರೆದ. ಮಹಡಿ ಇಳಿದುಹೋಗಿ, ಅತ್ತಿಗೆಗೆ ಸಿಗುವಂತೆ ಊಟದ ಮೇಜಿನ ಮೇಲಿಟ್ಟು ಬಂದ.

ಪರೀಕ್ಷೆಯ ಹಿಂದಿನ ರಾತ್ರಿ ಕೆಳಗಿನಿಂದ ಅತ್ತಿಗೆಯ ಕೂಗು ಬಂತು. ಇಳಿದು ಬಂದರೆ ಮೇಜಿನ ತುಂಬ ಹಾಳೆ. ಅಣ್ಣ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದ.

"ಊಟದ ಮೇಜನ್ನ ಆಫೀಸ್ ಮಾಡ್ಬಿಟ್ರಲ್ಲ! ನನ್ನ ತಟ್ಟೆಗೆ ಒಂಚೂರು ಜಾಗ ಸಿಗತ್ತಾ?"

"ನಿಂತ್ಕೊಂಡೇ ತಿನ್ನಿ, ಹೊಟ್ಟೆ ಕರಗತ್ತೆ" ಎಂದ ಅತ್ತಿಗೆ ಇವನ ಕಡೆ ತಿರುಗಿದರು. "ಏನೋ ದೊರೆ, ಅರ್ಧ ನಿದ್ದೇಲಿ ಬರ್ದ್ಯಾ? ಏಳು ಕಡೆ ತಪ್ಪಿದೆ. ಪೆನ್ಸಿಲಲ್ಲಿ ತಿದ್ದಿದೀನಿ, ನೋಡ್ಕೋ. ಅಲ್ಲೂ ಹಾಗೇ ಬರೆದು ಬಂದುಬಿಟ್ಟೀಯ!"

ಅವನ ಕಿವಿ ಬಿಸಿಯಾಯಿತು. "ನಿಮ್ಮದ್ರಲ್ಲೂ ಇದೆ ಅತ್ತಿಗೆ. ನಾಲ್ಕು ಅನ್ನೋ ಕಡೆ ಆರು ಅಂತ ಇದೆ."

"ಎಲ್ಲಿ, ಪುಸ್ತಕ ತಾ."

ತಂದುಕೊಟ್ಟ. ಅತ್ತಿಗೆ ಒಳಗಿನ ಪುಟ ನೋಡಲಿಲ್ಲ, ಮುಖಪುಟ ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ ಪುಣ್ಯಾತ್ಮ! ಇದು ಹಳೇ ಆವೃತ್ತಿ ಕಣೋ. ಹೊಸದ್ರಲ್ಲಿ ಅಂಚಿನ ಒಳಗಿನ ಎರಡನ್ನೂ ಸೇರಿಸ್ಬೇಕು. ಪಠ್ಯ ಬದಲಾಗಿದೆ, ನಿನಗೂ ಕಳಿಸಿದೀನಿ ಅಂತ ಹೇಳಿದ್ದೆ. ನೀನು ಹ್ಞೂಂ ಅಂದು ಮರೆತೆ. ಅದಕ್ಕೇ ನಿನ್ನ ಹಾಳೇಲೂ ಈ ಎಡವಟ್ಟು."

ಅವನು ಕುರ್ಚಿಯ ಬೆನ್ನು ಹಿಡಿದು ನಿಂತ. ಅತ್ತಿಗೆ ಪೆನ್ಸಿಲ್ ಕೆತ್ತುತ್ತ ನಕ್ಕರು.

"ನಾನೆಲ್ಲೋ ನೀನು ಬಿತ್ತಿದೀಯ ಅಂದ್ಕೊಂಡೆ, ಆವತ್ತಿನ ಸೇಡು ತೀರಿಸ್ಕೊಳ್ಳೋಕೆ. ಏಳೇ ತಾನೆ? ಎಲ್ಲಾ ಸಿಕ್ತಲ್ಲ?"

ಇದು ತಮಾಷೆಯೋ ಪರೀಕ್ಷೆಯೋ? ಗೊತ್ತಾಗಿಯೇ ಕೇಳುತ್ತಿದ್ದಾರಾ? ಅವರ ಕಣ್ಣು ಪೆನ್ಸಿಲಿನ ಮೊನೆಯ ಮೇಲಿತ್ತು, ಏನೂ ತಿಳಿಯಲಿಲ್ಲ. ಎಂಟು ಎಂದರೆ ಲೆಕ್ಕ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ.

"ಏಳೇ" ಎಂದ.

ಮೇಲೆ ಹೋಗಿ ಹಾಳೆ ತಿರುವಿದ. ಉಳಿದದ್ದು ಯಾವುದೆಂದು ಕೂಡಲೇ ಸಿಕ್ಕಿತು. 'ಯಾವ ಕಡತ ಪರಿಶೀಲನೆಗೆ ಹೋಗಬೇಕೆಂದು ತೀರ್ಮಾನಿಸುವವರು ಯಾರು?' ಸರಿಯುತ್ತರ ಮ್ಯಾನೇಜರ್. ಅವನು ಬರೆದದ್ದು ಪರಿಶೀಲನೆಯ ಲೀಡರ್. ಅವರ ಆಫೀಸಿನಲ್ಲಿ ಅದನ್ನು ತೀರ್ಮಾನಿಸುತ್ತಿದ್ದುದು ಲೀಡರೇ. ಹನ್ನೊಂದು ವರ್ಷದ ಅಭ್ಯಾಸಕ್ಕೆ ಅದು ತಪ್ಪಾಗಿ ಕಂಡಿರಲೇ ಇಲ್ಲ.

ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡ. ಬೆಳಿಗ್ಗೆ ಬಸ್ಸಿನಲ್ಲಿ ಅತ್ತಿಗೆ ಪಕ್ಕದಲ್ಲೇ ಕೂತರು.

"ಇಬ್ರಿಗೂ ಒಂದೇ ದಿನ ರಜ ಕೊಡಿ ಅಂತ ಮ್ಯಾನೇಜರ್ ಹತ್ರ ಎಷ್ಟು ಗೋಗರೆದೆ ಗೊತ್ತಾ? ಒಬ್ಳೇ ಬಂದಿದ್ರೆ ಕೈಕಾಲೇ ಆಡ್ತಿರ್ಲಿಲ್ಲ ನಂಗೆ."

ಗಾಜಿನ ಕೋಣೆಯ ಮಾತು ಅಷ್ಟೇ ಆಗಿತ್ತು. ಅವನು ಎರಡು ಸಲ ಬಾಯಿ ತೆರೆದ. ಒಂದು ಸಲ ನಿಲ್ದಾಣ ಬಂತು. ಇನ್ನೊಂದು ಸಲ ಏನೂ ಬರಲಿಲ್ಲ, ಸುಮ್ಮನೆ ಬಾಯಿ ಮುಚ್ಚಿದ.

ಪರೀಕ್ಷಾ ಕೇಂದ್ರದಲ್ಲಿ ಗಡಿಯಾರವನ್ನೂ ಜೇಬಿನ ಕರವಸ್ತ್ರವನ್ನೂ ಪೆಟ್ಟಿಗೆಯಲ್ಲಿಡಿಸಿ, ಮರದ ತಡಿಕೆಗಳ ನಡುವೆ ಒಬ್ಬೊಬ್ಬರನ್ನೇ ಕೂರಿಸಿದರು. ನಲವತ್ತು ಪ್ರಶ್ನೆ, ಪಾಸಾಗಲು ಇಪ್ಪತ್ತಾರು. ಅಂಚಿನ ಪ್ರಶ್ನೆಗೆ ಅವನು ಆರು ಎಂದು ಹಾಕಿದ. ಕಡತದ ಪ್ರಶ್ನೆ ಮೂವತ್ತೊಂದನೆಯದಾಗಿ ಬಂತು. ಮ್ಯಾನೇಜರ್ ಎಂದು ಹಾಕಿದ. ಮುಗಿಸಿದ ಕೂಡಲೇ ಪರದೆಯ ಮೇಲೆ ಅಂಕ: ಇಪ್ಪತ್ತೊಂಬತ್ತು.

ಅತ್ತಿಗೆ ಹೊರಗೆ ಬೆಂಚಿನ ಮೇಲೆ ಕೂತು ಫಲಿತಾಂಶದ ಚೀಟಿಯನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದರು.

"ಇಪ್ಪತ್ತೈದು ಕಣೋ. ಒಂದೇ ಒಂದು! ನಿಂದು?"

ಹೇಳಿದ.

"ಶಹಬ್ಬಾಸ್! ಮನೇಲಿ ಒಬ್ರಾದ್ರೂ ಗೆದ್ವಲ್ಲ" ಎಂದು ಬೆನ್ನು ತಟ್ಟಿದರು. ಆ ಕೈ ತಣ್ಣಗಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಅತ್ತಿಗೆ ಬೆರಳು ಮಡಿಸತೊಡಗಿದರು. "ಯಾವುದು ತಪ್ಪು ಅಂತ ಅವರು ಹೇಳಲ್ಲ ಬೇರೆ. ಅಂಚಿಂದು ಸರಿ. ಆ ಕಡತ ತೀರ್ಮಾನಿಸೋದು ಬಂತಲ್ಲ, ಅದಂತೂ ಸಲೀಸು, ಲೀಡರ್ ಅಂತ ಹಾಕ್ದೆ, ಅದು ಸರಿ. ಸಾವಿರ ಜನ ಒಟ್ಟಿಗೆ ಬಳಸಿದ್ರೆ ತಡ್ಕೊಳ್ಳತ್ತಾ ಅಂತ ನೋಡೋ ಹೊರೆ ಪರೀಕ್ಷೆದು ಇರ್ಬೇಕು, ಅದರಲ್ಲೇ ಹೋಗಿರತ್ತೆ... ಏನಂತೀಯ?"

"ಇರ್ಬೇಕು" ಎಂದು ಅವನು ಕಿಟಕಿಯಾಚೆ ನೋಡಿದ.

ಸೋಮವಾರ ಅವನಿಗೆ ಕಿಟಕಿ ಪಕ್ಕದ, ಮುಖ್ಯಸ್ಥರ ಮೇಜು ಸಿಕ್ಕಿತು. ಅದರ ಧೂಳು ಒರೆಸಿಕೊಟ್ಟದ್ದು ಅತ್ತಿಗೆ. ಈಗಲೂ ಅವರು ಅವನ ಕಡೆ ಸ್ವಲ್ಪ ಹೊತ್ತು ನೋಡಿದರೆ, ಗೊತ್ತಾಯಿತಾ ಎಂದು ಅವನು ಪರದೆಯ ಕಡೆ ಮುಖ ತಿರುಗಿಸುತ್ತಾನೆ.

ಎಂಟು ತಪ್ಪು ಬಿತ್ತಿದ್ದೆ, ನಿಮಗೆ ಸಿಕ್ಕಿದ್ದು ಏಳು ಎಂದು ಅವನು ಅತ್ತಿಗೆಗೆ ಯಾವತ್ತೂ ಹೇಳಲಿಲ್ಲ.